‘ಮನ್ಯಾಗಿನವರು’ ಎಂದರೆ ಒಂಬತ್ತು ಮಂದಿ

ಔರಂಗಾಬಾದಿಗೆ ಛತ್ರಪತಿ ಸಂಭಾಜಿನಗರ ಎಂಬ ಹೆಸರು ಬಂದ ಮರುವರ್ಷದ ಮಾತು. ಬಸ್ಸಿನ ಬೋರ್ಡಿನಲ್ಲಿ ಹೊಸ ಹೆಸರು, ಕಂಡಕ್ಟರನ ಬಾಯಲ್ಲಿ ಹಳೆಯದು, ಹೀಗೆ ಎರಡೂ ನಡೆಯುತ್ತಿದ್ದ ಕಾಲ. ನಾನು ನಾಸಿಕ್ ರೋಡ್ ಸ್ಟೇಷನ್ನಿನ ಎದುರಿನ ಓಣಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ, ಟ್ರಾವೆಲ್ಸ್ ಆಫೀಸು ನಡೆಸುತ್ತಿದ್ದೆ, ಈಗಲೂ ನಡೆಸುತ್ತಿದ್ದೇನೆ. ಮಾಲಕಿ ನಾನೇ, ಗುಮಾಸ್ತೆ ನಾನೇ, ಬೆಳಿಗ್ಗೆ ಕಸ ಗುಡಿಸುವವಳೂ ನಾನೇ. ಹೆಸರು ಅನುಸೂಯಾ, ತವರು ಹುಮನಾಬಾದ್. ಲಗ್ನವಾಗಿ ಈ ಊರಿಗೆ ಬಂದವಳು, ಗಂಡ ಕೆಲಸಕ್ಕೆ ಹೋದಮೇಲೆ ಮನೆಯಲ್ಲಿ ಕೂತು ಕೂತು ಬೇಸತ್ತು ಈ ಧಂದೆ ಹಿಡಿದೆ. ಆ ಹೊತ್ತಿಗೆ ಇಪ್ಪತ್ತಾರು ವರ್ಷದ ಅನುಭವ ಆಗಿತ್ತು. ಅನುಭವ ಇದ್ದವರು ತಪ್ಪು ಮಾಡುವುದಿಲ್ಲ ಎಂದು ತಿಳಿದವರು ಮುಂದೆ ಓದಬೇಕು.

ಆಗಸ್ಟ್ ಕೊನೆಯ ಒಂದು ಮಧ್ಯಾಹ್ನ ಶಿವಶರಣಪ್ಪ ಎಂಬವರು ಬಂದರು. ಕಲಬುರಗಿ ಜಿಲ್ಲೆಯವರು, ಕೆಲಸ ಇಲ್ಲಿಗೆ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ, ವಯಸ್ಸು ಐವತ್ನಾಲ್ಕು. ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸು, ಫೇಲು ಎಂದು ಹೇಳುವ ಇನ್‌ಸ್ಪೆಕ್ಷನ್ ವಿಭಾಗದವರು. ಒಳಗೆ ಬಂದವರು ಮೊದಲು ಬಾಗಿಲು ಹಾಕಿದರು. ನನಗೆ ಸ್ವಲ್ಪ ಗಾಬರಿಯೇ ಆಯಿತು.

“ಅಕ್ಕಾರ, ಸಂಭಾಜಿನಗರಕ್ಕ ಎರಡು ದಿನ ಹೋಗಬೇಕ್ರಿ. ಅಕ್ಟೋಬರದಾಗ, ಶೀಗಿ ಹುಣ್ಣಿವಿ ಆದ ಮ್ಯಾಲ.”

“ಯಾರ್ಯಾರು ಹೋಗವರು?” ಎಂದೆ.

ಅವರ ಕಿವಿ ಕೆಂಪಾದವು. “ಮನ್ಯಾಗಿನವರನ್ನ ಕರಕೊಂಡು ಹೋಗಬೇಕಂತ ಅದ. ಅವರಿಗೆ ಐವತ್ತು ತುಂಬ್ತಾವ್ರಿ.”

ನಮ್ಮ ಕಡೆಯ ಹಳೆಯ ಪದ್ಧತಿಯ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ಹೆಂಡತಿ ಎಂಬ ಶಬ್ದವನ್ನೂ ಪರರ ಮುಂದೆ ಬಳಸುವುದಿಲ್ಲ. ‘ಮನ್ಯಾಗ ಕೇಳ್ತೀನಿ’ ಎಂದರೆ ಹೆಂಡತಿಯನ್ನು ಕೇಳುತ್ತೇನೆ ಎಂದು. ‘ಮನ್ಯಾಗಿನವರು’ ಎಂದರೆ ಆಕೆ ಒಬ್ಬಳೇ. ಮನೆಯಲ್ಲಿ ಹತ್ತು ಜನ ಇದ್ದರೂ ಆ ಮಾತಿಗೆ ಅರ್ಥ ಆಕೆ ಒಬ್ಬಳೇ. ಹುಮನಾಬಾದಿನಲ್ಲಿ ಹುಟ್ಟಿದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಕ್ಷಣ ಸರಿಯಾಗಿಯೇ ಅರ್ಥ ಮಾಡಿಕೊಂಡೆ, ಮನಸ್ಸಿನಲ್ಲೇ ನಕ್ಕೆ ಕೂಡ.

ಅವರು ಜೇಬಿನಿಂದ ನಾಲ್ಕು ಮಡಿಕೆ ಹಾಕಿದ ಕಾಗದ ತೆಗೆದರು. ಅದೊಂದು ವೇಳಾಪಟ್ಟಿ. ಶನಿವಾರ ಬೆಳಗಿನ ರೈಲು. ಬಾಲ್ಕನಿ ಇರುವ ಒಂದು ರೂಮು. ಸಂಜೆ ಐದಕ್ಕೆ ಮಕಬರಾ ಎಂಬ ಮೊಗಲರ ಕಾಲದ ಗೋರಿ, ಐದೂಮುಕ್ಕಾಲಿಗೆ ಅಲ್ಲಿಯೇ ಬೆಂಚಿನ ಮೇಲೆ ಕೂರುವುದು. ಭಾನುವಾರ ಹುಟ್ಟುಹಬ್ಬ, ಬೆಳಿಗ್ಗೆ ಪನಚಕ್ಕಿ ಎಂಬ ಹಳೆಯ ನೀರಿನ ಗಿರಣಿ, ಆಮೇಲೆ ಆ ಊರಿನ ನೇಯ್ಗೆಯ ಒಂದು ಹಿಮರೂ ಶಾಲು, ಮಧ್ಯಾಹ್ನ ಒಳ್ಳೆಯ ಊಟ. ಕೇಕ್ ಬೇಡ, ಮೊಟ್ಟೆ ಹಾಕಿರುತ್ತಾರೆ. ಬೆಂಚಿನ ಮೇಲೆ ಕೂರುವುದಕ್ಕೂ ಹೊತ್ತು ಗೊತ್ತು ಮಾಡಿದ ಗಂಡನನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

“ಲಗ್ನ ಆಗಿ ಇಪ್ಪತ್ತೇಳು ವರ್ಷ ಆತ್ರಿ,” ಎಂದರು. “ಇಬ್ಬರೇ ಎಲ್ಲೂ ಹೋಗಿಲ್ಲ. ಲಗ್ನ ಆದ ವಾರಕ್ಕ ಪಂಢರಪುರಕ್ಕ ಹೋಗಿದ್ವಿ, ಹದಿಮೂರು ಮಂದಿ. ಸ್ವಲ್ಪ ನಮ್ಮೊಳಗೇ ಇರ್ಲಿ ಇದು.”

ನಮ್ಮೊಳಗೇ ಇರಲಿ ಎಂದದ್ದನ್ನು ನಾನು ಬರೆದುಕೊಳ್ಳಲಿಲ್ಲ. ಬರೆದುಕೊಂಡದ್ದು ಇನ್ನೊಂದು. ಆಫೀಸಿನ ಬರವಣಿಗೆಯೆಲ್ಲ ಮರಾಠಿಯಲ್ಲಿ ಮಾಡುವುದು ನನ್ನ ರೂಢಿ. ಡ್ರೈವರಿಗೆ, ಹೋಟೆಲಿನವರಿಗೆ, ನಾನು ರಜೆ ಹಾಕಿದರೆ ನನ್ನ ಬದಲು ಕೂರುವ ಪಕ್ಕದ ಅಂಗಡಿಯಾಕೆಗೆ ತಿಳಿಯಬೇಕಲ್ಲ. ವಿಚಾರಣೆಗೆ ಬಂದವರ ರಜಿಸ್ಟರಿನಲ್ಲಿ ಶಿವಶರಣಪ್ಪನವರ ಹೆಸರಿನ ಮುಂದೆ ‘ಘರ್‌ಚೇ’ ಎಂದು ಬರೆದೆ. ಮನ್ಯಾಗಿನವರು, ಘರ್‌ಚೇ, ಅಕ್ಷರಕ್ಕೆ ಅಕ್ಷರ ಸರಿಯಿತ್ತು. ಎಷ್ಟು ಜನ ಎಂಬ ಕಾಲಮ್ಮನ್ನು ಖಾಲಿ ಬಿಟ್ಟೆ. ಗಂಡ ಹೆಂಡತಿ ಎಂದಮೇಲೆ ಎರಡು ಎಂದು ಬರೆಯುವುದೇನು ಎಂದುಕೊಂಡೆ.

ಆಮೇಲೆ ಗಣಪತಿ ಬಂತು, ಪಿತೃಪಕ್ಷ ಬಂತು, ನವರಾತ್ರಿಯ ಸಪ್ತಶೃಂಗಿ, ತುಳಜಾಪುರದ ಗಾಡಿಗಳು ಶುರುವಾದವು. ಐದು ವಾರದಲ್ಲಿ ನನ್ನ ಮುಂದೆ ಎಷ್ಟು ಮುಖ ಬಂದು ಹೋದವೋ. ದಸರೆಗೆ ಮೂರು ದಿನ ಇದ್ದಾಗ ಸಂಭಾಜಿನಗರದ ಹೋಟೆಲಿನವರು ಫೋನ್ ಮಾಡಿ ರೂಮಿಂಗ್ ಲಿಸ್ಟ್ ಕೇಳಿದರು. ಯಾವ ಕೋಣೆಯಲ್ಲಿ ಯಾರು, ಅವರ ವಯಸ್ಸೆಷ್ಟು, ಗುರುತಿನ ಚೀಟಿ ಯಾವುದು ಎಂಬ ಪಟ್ಟಿಗೆ ಹಾಗೆನ್ನುತ್ತಾರೆ. ಅಂದು ಸಂಜೆಯೊಳಗೆ ಬೇಕು, ಇಲ್ಲವಾದರೆ ದೀಪಾವಳಿಗೆ ಮುಂಚಿನ ಗದ್ದಲದಲ್ಲಿ ರೂಮು ಬಿಟ್ಟುಕೊಡುತ್ತೇವೆ ಎಂದರು. ರಜಿಸ್ಟರ್ ತೆಗೆದೆ. ‘ಘರ್‌ಚೇ, ವಾಢದಿವಸ ೫೦, ಬಾಲ್ಕನಿ, ರೂಮು ೧’ ಎಂದಿತ್ತು. ವಾಢದಿವಸ ಎಂದರೆ ಹುಟ್ಟುಹಬ್ಬ, ಯಾರದೆಂದು ಬರೆದಿರಲಿಲ್ಲ.

ಮರಾಠಿಯಲ್ಲಿ ‘ಘರ್‌ಚೇ’ ಎಂದರೆ ಮನೆಮಂದಿಯೆಲ್ಲ. ಅಜ್ಜಿಯಿಂದ ಮೊಮ್ಮಗನವರೆಗೆ. ನನ್ನದೇ ಅಕ್ಷರ, ನಾನೇ ಕನ್ನಡದಿಂದ ತಂದು ಇಟ್ಟ ಮಾತು, ಆದರೆ ಐದು ವಾರದ ಮೇಲೆ ಅದನ್ನು ಮರಾಠಿಯವಳಾಗಿ ಓದಿದೆ. ಒಂದು ರೂಮು ಎಂದು ಇದ್ದದ್ದನ್ನು ನೋಡಿ, ಮನೆಮಂದಿಗೆಲ್ಲ ಒಂದು ರೂಮು ಸಾಕೆಂದು ಹೇಳಿ ಹೋಗಿದ್ದಾರಲ್ಲ, ಗಂಡಸರಿಗೆ ಏನೂ ತಿಳಿಯುವುದಿಲ್ಲ ಎಂದು ನಕ್ಕೆ. ಆ ನಗು ನೆನೆದರೆ ಇಂದಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಶಿವಶರಣಪ್ಪನವರ ಮೊಬೈಲಿಗೆ ಮಾಡಿದೆ. ಎತ್ತಲಿಲ್ಲ. ಅವರ ಕಾರ್ಖಾನೆಯಲ್ಲಿ ಫೋನನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು. ರಜಿಸ್ಟರಿನಲ್ಲಿ ಅವರೇ ಕೊಟ್ಟ ಎರಡನೆಯ ನಂಬರ್ ಇತ್ತು, ಮನೆಯದು. ಅದಕ್ಕೆ ಮಾಡಿದೆ. ಅವರ ತಾಯಿ ನೀಲಮ್ಮ ಎತ್ತಿದರು. ಎಪ್ಪತ್ತಾರು ವರ್ಷದವರು, ಕಂಚಿನಂಥ ದನಿ.

“ಅವ್ವಾರ, ಸಂಭಾಜಿನಗರದ ಟ್ರಿಪ್ಪಿಗೆ ಎಲ್ಲಾರ ಹೆಸರು, ವಯಸ್ಸು ಬೇಕಾಗ್ಯಾವ್ರಿ. ನಿಮ್ಮಿಂದೇ ಶುರು ಮಾಡೋಣು. ನಿಮ್ಮ ಪೂರ್ತಿ ಹೆಸರು ಹೇಳ್ರಿ. ಕಿಟಕಿ ಕಡಿ ಸೀಟು ಬೇಕೇನು?”

ಆಚೆ ಕಡೆ ದನಿ ಅರಳಿತು. ಮಗ ಯಾರಿಗೂ ಹೇಳದೆ ಇಷ್ಟೆಲ್ಲ ಮಾಡಿದ್ದಾನೆಯೇ, ವೇರೂಳಿನ ಘೃಷ್ಣೇಶ್ವರ ಅಲ್ಲಿಯೇ ಅಲ್ಲವೇ, ಅದೊಂದು ಜ್ಯೋತಿರ್ಲಿಂಗ ನನ್ನದು ಉಳಿದಿತ್ತು ಎಂದರು. ತಮ್ಮ ಹೆಸರು ಹೇಳಿದರು. ಹಿರಿಯ ಮಗ, ಸೊಸೆ. ಅದೇ ಕ್ವಾರ್ಟರ್ಸಿನಲ್ಲಿ ಜೊತೆಗೇ ಇರುವ, ಸಾತಪುರದಲ್ಲಿ ಕೆಲಸ ಮಾಡುವ ಕಿರಿಯ ಮಗ, ಅವನ ಹೆಂಡತಿ, ಎರಡು ಮಕ್ಕಳು. ಕಲಬುರಗಿಯಲ್ಲಿರುವ ಮಗಳು, ಅಳಿಯ. ಒಂಬತ್ತು ಹೆಸರು ಬರೆದುಕೊಂಡು, ಒಂದು ರೂಮನ್ನು ನಾಲ್ಕು ಮಾಡಿ, ರೈಲಿನ ಬದಲು ಹದಿಮೂರು ಸೀಟಿನ ಟೆಂಪೊ ಟ್ರಾವೆಲರ್ ಹಿಡಿದು, ದೊಡ್ಡ ಕೆಲಸ ಮಾಡಿದವಳಂತೆ ಚಹಾ ಕುಡಿದೆ.

ಮರುದಿನ ಬೆಳಿಗ್ಗೆ ಶಿವಶರಣಪ್ಪ ಬಂದರು. ಈ ಸಲ ಬಾಗಿಲು ಹಾಕಲಿಲ್ಲ.

“ಅಕ್ಕಾರ, ಏನು ಮಾಡಿದ್ರಿ?” ಎಂದರು, ಅಷ್ಟೇ.

ಆಗ ನನಗೆ ಮೊದಲ ದಿನದ ಆ ಕೆಂಪು ಕಿವಿ ನೆನಪಾಯಿತು. ಅವರು ಮನೆಗೆ ಹೋಗುವ ಹೊತ್ತಿಗೆ ತಾಯಿ ದೇವರಿಗೆ ದೀಪ ಹಚ್ಚಿ, ಅಕ್ಕಪಕ್ಕದ ಮನೆಗೆ ಸಕ್ಕರೆ ಹಂಚಿ ಆಗಿತ್ತಂತೆ. ಕಲಬುರಗಿಯ ತಂಗಿ ರೈಲಿನ ಟಿಕೆಟ್ ತೆಗೆಸಿಬಿಟ್ಟಿದ್ದಳು. ತಾಯಿ ಇವರ ಬೆನ್ನು ಸವರಿ, ಶರಣ್ಯಾ, ನನ್ನ ಮನಸಿನಾಗಿಂದು ನಿನಗ ಹ್ಯಾಂಗ ತಿಳೀತೋ ಎಂದರಂತೆ.

“ತಪ್ಪು ನಂದು, ಅವ್ವಾರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ,” ಎಂದೆ.

“ಬ್ಯಾಡ್ರಿ. ಏನಂತ ಹೇಳ್ತೀರಿ? ನಿಮ್ಮ ಮಗ ನಿಮ್ಮನ್ನ ಬಿಟ್ಟು ಹೊಂಟಿದ್ದ ಅಂತಂದೇನು?” ಎಂದು ಎದ್ದರು. ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಕಂಡರೂ ತಿರಸ್ಕರಿಸುವ ಮನುಷ್ಯ, ಎರಡು ಒಂಬತ್ತಾದದ್ದನ್ನು ಪಾಸು ಮಾಡಿ ಮೆಟ್ಟಿಲಿಳಿದು ಹೋದರು.

ಎರಡು ದಿನದ ಮೇಲೆ ಒಬ್ಬ ಹೆಂಗಸು ಬಂದರು. ಬೆವರು ಒರೆಸಿಕೊಂಡು, ಒಂಬತ್ತು ಗುರುತಿನ ಚೀಟಿಗಳ ಝೆರಾಕ್ಸನ್ನು ವಯಸ್ಸಿನ ಪ್ರಕಾರ ಜೋಡಿಸಿ, ಪಿನ್ನು ಹಾಕಿ, ನನ್ನ ಮುಂದಿಟ್ಟರು. ಮೇಲಿನಿಂದ ಎರಡನೆಯದರಲ್ಲಿ ಶಿವಶರಣಪ್ಪ, ಮೂರನೆಯದರಲ್ಲಿ ಎದುರಿಗೆ ನಿಂತಿದ್ದವರದೇ ಫೋಟೊ. ಭಾರತಿ. ತಮ್ಮ ಹುಟ್ಟುಹಬ್ಬದ ಪ್ರವಾಸದ ಕಾಗದಪತ್ರಗಳನ್ನು ತಾವೇ ಹೊತ್ತು ತಂದಿದ್ದರು; ಮನೆಯಲ್ಲಿ ಇಂಥ ಓಡಾಟವೆಲ್ಲ ಅವರದೇ ಅಂತೆ.

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ತಡೆದರು.

“ನನಗ ಗೊತ್ತದರಿ. ಇಬ್ಬರೇ ಹೋಗೋದಿತ್ತು ಅಂತ ಅವರು ನಿನ್ನಿ ಹೇಳಿದ್ರು, ಅಡಗಿಮನ್ಯಾಗ ನಿಂತು. ಹೇಳಬಾರದಿತ್ತು. ಗೊತ್ತಿರ್ಲಿಲ್ಲಂದ್ರ ನಾನೂ ಎಲ್ಲಾರಂಗ ಖುಷಿಯಾಗಿ ಹೋಗ್ತಿದ್ದೆ.”

ಆಗ ಅವರ ಚೀಲ ನೋಡಿದೆ. ಶೇಂಗಾ, ಜೋಳದ ಹಿಟ್ಟು, ಎಣ್ಣೆ. ಎರಡು ದಿನದ ಪ್ರಯಾಣಕ್ಕೆ ಒಂಬತ್ತು ಜನರ ಬುತ್ತಿ: ಖಾರ ಹಾಕಿ ತಟ್ಟಿದ ಧಪಾಟಿ ರೊಟ್ಟಿ, ಶೇಂಗಾ ಚಟ್ನಿ, ಉಂಡೆ. ಅತ್ತೆಗೆ ಹೊರಗಿನ ಊಟ ಆಗುವುದಿಲ್ಲ. ಐವತ್ತು ತುಂಬುವ ದಿನಕ್ಕೆ ಈಕೆ ನಾಲ್ಕು ದಿನ ಮೊದಲೇ ಒಲೆ ಮುಂದೆ ನಿಲ್ಲಬೇಕಿತ್ತು, ಹೋದಲ್ಲಿಯೂ ಬಡಿಸಬೇಕಿತ್ತು, ಬಂದಮೇಲೆ ಒಗೆಯಬೇಕಿತ್ತು. ಎಲ್ಲ ನನ್ನ ಒಂದು ಫೋನಿನ ಪುಣ್ಯ.

ನಾನು ಉಪಾಯ ಹೇಳಲು ಹೊರಟೆ. ಹೊರಡುವ ಮುಂಜಾನೆ ತಲೆನೋವು ಎನ್ನಿ, ಗಂಡ ನೋಡಿಕೊಳ್ಳಲು ಉಳಿಯಲಿ, ಉಳಿದವರನ್ನು ನಾನು ಕರೆದೊಯ್ಯುತ್ತೇನೆ, ನೀವಿಬ್ಬರೂ ನಾಸಿಕದಲ್ಲೇ ಎರಡು ದಿನ ಇರಿ.

“ತಲಿನೋವು ಅಂದ್ರ ಅತ್ತೇರು ಘೃಷ್ಣೇಶ್ವರ ಬಿಟ್ಟು ನನ್ನ ಹತ್ರ ಕೂಡ್ತಾರ್ರಿ, ಹಣಿಗೆ ಸುಂಠಿ ಹಚ್ಚಿಕೋತ,” ಎಂದರು ಭಾರತಿ. “ಅವರು ಕೆಟ್ಟವರಿದ್ದಿದ್ರ ಹಗುರ ಇತ್ರಿ.”

ನಿಜ. ಸಿಟ್ಟು ಮಾಡುವವರ ಎದುರು ಒಂದು ಬಾಗಿಲಾದರೂ ದಬ್ಬಿಕೊಂಡು ಹೊರಗೆ ಬರಬಹುದು. ಇಲ್ಲಿ ಎಲ್ಲರೂ ಒಳ್ಳೆಯವರು. ಮಗನಿಗೆ ತಾಯಿಯ ಸಂತೋಷ ಮುರಿಯಲಾಗದು, ಸೊಸೆಗೆ ಗಂಡನನ್ನು ಇಕ್ಕಟ್ಟಿಗೆ ತಳ್ಳಲಾಗದು, ಅತ್ತೆಗೆ ಯಾವುದೂ ಗೊತ್ತಿಲ್ಲ. ನಡುವೆ ನಾನು, ಎಲ್ಲರ ಕೈಕಟ್ಟಿದವಳು. ಅವರು ಎದ್ದು ಹೊರಟಾಗ ತಡೆಯಲಾರದೆ ಅಂದುಬಿಟ್ಟೆ: “ಒಂದು ದಿನ ನಿಮಗ ಕೊಡಸ್ತೀನ್ರಿ. ಭಾನುವಾರ. ಹ್ಯಾಂಗ ಅಂತ ಕೇಳಬ್ಯಾಡ್ರಿ.” ಹೇಗೆ ಎಂದು ನನಗೇ ತಿಳಿದಿರಲಿಲ್ಲ. ಭಾರತಿ ನಂಬಿದಂತೆಯೂ ಕಾಣಲಿಲ್ಲ, ಸುಮ್ಮನೆ ಚೀಲ ಎತ್ತಿಕೊಂಡರು.

ಹೀಗಾಗಿ ಶನಿವಾರ ಬೆಳಿಗ್ಗೆ ಆರಕ್ಕೆ ಓಝರ್‌ನ ಟೌನ್‌ಶಿಪ್ಪಿನ ಗೇಟಿನಿಂದ ಗಾಡಿ ಹೊರಟಾಗ ಹತ್ತನೆಯವಳಾಗಿ ನಾನೂ ಹತ್ತಿದೆ. ಟೂರ್ ಮ್ಯಾನೇಜರ್ ಎಂದು ಹೇಳಿಕೊಂಡೆ. ಯೇವಲಾ ದಾಟುವ ಹೊತ್ತಿಗೆ ಭಾರತಿ ಎಲ್ಲರಿಗೂ ಧಪಾಟಿ ಹಂಚಿ ಮುಗಿಸಿ, ಮೈದುನನ ಕಿರಿಯ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಶಿವಶರಣಪ್ಪ ಡ್ರೈವರ್ ಪಕ್ಕದಲ್ಲಿ. ನೀಲಮ್ಮ ಕಿಟಕಿಯ ಹತ್ತಿರ ಕೂತು, ಮಳೆಗಾಲ ಮುಗಿದು ಇನ್ನೂ ಹಸಿರಾಗಿದ್ದ ಹೊಲಗಳನ್ನು ನೋಡುತ್ತ, ಯಾವ ಊರು ಬಂತೆಂದು ಪ್ರತಿಯೊಂದನ್ನೂ ಕೇಳುತ್ತಿದ್ದರು.

ಹೋಟೆಲಿನಲ್ಲಿ ಬಾಲ್ಕನಿಯ ರೂಮಿನ ಕೀಲಿ ನನ್ನ ಕೈಯಲ್ಲಿತ್ತು. ಅದನ್ನು ಶಿವಶರಣಪ್ಪನವರ ಕೈಗೆ ಇಡುವವಳಿದ್ದೆ. ಅಷ್ಟರಲ್ಲಿ ಅವರೇ, ಅವ್ವಗ ಗಾಳಿ ಬೇಕು, ಬಾಲ್ಕನಿ ಅವ್ವಗ ಇರ್ಲಿ ಎಂದರು. ಅವ್ವ, ನಾನೊಬ್ಬಾಕಿ ಹ್ಯಾಂಗ ಮಲಗಲಿ, ಭಾರತಿ, ನೀ ನನ್ನ ಸಂಗಾಟ ಬಾ, ಮಗಳೂ ಬರ್ಲಿ ಎಂದರು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ನಾನು ಬೆವರು ಸುರಿಸಿ ಮಾಡಿದ ರೂಮಿಂಗ್ ಲಿಸ್ಟ್ ಎರಡು ನಿಮಿಷದಲ್ಲಿ ಹರಿದುಹೋಯಿತು. ಹುಟ್ಟುಹಬ್ಬಕ್ಕೆಂದು ಬಂದ ಗಂಡ ಹೆಂಡತಿ ಬೇರೆ ಬೇರೆ ಮಾಳಿಗೆಯಲ್ಲಿ ಮಲಗುವುದೆಂದು ಗೊತ್ತಾಯಿತು.

ಸಂಜೆ ಐದಕ್ಕೆ ಸರಿಯಾಗಿ ಮಕಬರಾಕ್ಕೆ ಹೋದೆವು. ಐದೂಮುಕ್ಕಾಲಿಗೆ ಬೆಂಚು ಸಿಕ್ಕಿತು, ಅದರ ಮೇಲೆ ಕಲಬುರಗಿಯ ತಂಗಿ, ಅವಳ ಗಂಡ, ಇಬ್ಬರು ಮಕ್ಕಳು ಕೂತರು. ಎಲ್ಲರ ಫೋಟೊ ನಾನೇ ತೆಗೆದೆ. ಶಿವಶರಣಪ್ಪ ಒಂದು ತುದಿ, ಭಾರತಿ ಇನ್ನೊಂದು ತುದಿ. ದಾರಿಯಲ್ಲಿ ಹಿಮರೂ ಅಂಗಡಿ ಹೊಕ್ಕಾಗ ಶಿವಶರಣಪ್ಪ ಬಹಳ ಹೊತ್ತು ಒಂದು ನೇರಳೆ ಬಣ್ಣದ ಶಾಲನ್ನು ಕೈಯಲ್ಲಿ ಹಿಡಿದು ನಿಂತರು. ತಂಗಿ ಬಂದು, ಅಣ್ಣಾ ಎಷ್ಟ್ ಛಂದ ಅದ ಎಂದಳು. ತಮ್ಮನ ಹೆಂಡತಿಯೂ ಬಂದಳು. ಅಂಗಡಿಯಿಂದ ಹೊರಗೆ ಬರುವಾಗ ನಾಲ್ಕು ಹೆಂಗಸರ ಕೈಯಲ್ಲೂ ಅದೇ ನೇರಳೆ ಶಾಲು ಇತ್ತು. ನನಗೆ ನಗು ಬಂತು, ಹಿಂದೆಯೇ ನಾಚಿಕೆಯೂ. ಭಾರತಿ ನನ್ನ ಕಡೆ ನೋಡಲೂ ಇಲ್ಲ.

ಭಾನುವಾರ ಏಳೂವರೆಗೆ ಗಾಡಿ ಪೋರ್ಚಿಗೆ ಬಂತು. ಘೃಷ್ಣೇಶ್ವರದಲ್ಲಿ ಹೊತ್ತೇರಿದರೆ ಸಾಲು ಬೆಳೆಯುತ್ತದೆ, ಬೇಗ ಹೊರಡಬೇಕು. ಉಳಿದವರೆಲ್ಲ ಹತ್ತಿದರು. ಭಾರತಿ ಅತ್ತೆಯ ಮಾತ್ರೆ ಡಬ್ಬಿ, ನೀರಿನ ಬಾಟ್ಲಿ ಹಿಡಿದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರು. ಇನ್ನೂ ಕೆಳಗೇ ನಿಂತಿದ್ದ ಶಿವಶರಣಪ್ಪ ನನ್ನ ಮುಖ ನೋಡಿದರು. ನಾನು ಮಾತು ಕೊಟ್ಟದ್ದು ಹೆಂಡತಿ ಅವರಿಗೆ ಹೇಳಿದ್ದರೆಂದು ಆಗ ತಿಳಿಯಿತು. ಇಪ್ಪತ್ತಾರು ವರ್ಷದಲ್ಲಿ ತಪ್ಪಿಹೋದ ರೈಲು, ಕಳೆದುಹೋದ ಯಾತ್ರಿಕರು, ಕೈಕೊಟ್ಟ ಡ್ರೈವರುಗಳು, ಎಲ್ಲಕ್ಕೂ ನನ್ನ ಹತ್ತಿರ ಒಂದೊಂದು ಸುಳ್ಳು ಸಿದ್ಧವಾಗಿರುತ್ತಿತ್ತು. ಅಂದು ಒಂದೂ ಬಾಯಿಗೆ ಬರಲಿಲ್ಲ.

ಕಿಟಕಿಯ ಹತ್ತಿರ ಹೋಗಿ ನಿಂತು ಹೇಳಿದೆ. “ಅವ್ವಾರ, ಒಂದು ತಪ್ಪಾಗ್ಯಾದ್ರಿ. ನಂದು. ನಿಮ್ಮ ಮಗ ನನ್ನ ಹತ್ರ ಬಂದು ಕೇಳಿದ್ದು ಇಬ್ಬರಿಗಿ. ಇವತ್ತು ಭಾರತಿ ಅವರಿಗೆ ಐವತ್ತು ತುಂಬ್ತಾವ. ಮನ್ಯಾಗಿನವರನ್ನ ಕರಕೊಂಡು ಹೋಗಬೇಕು ಅಂದಿದ್ರು. ನಾ ಅದನ್ನ ಮರಾಠಿದಾಗ ಬರದು, ಮರಾಠಿದಾಗ ಓದಿ, ನಿಮಗ ಫೋನ್ ಹಚ್ಚಿದೆ.”

ನೀಲಮ್ಮ ಮಗನನ್ನು ನೋಡಿದರು, ಅವರು ನೆಲ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

“ಮನ್ಯಾಗಿನವರು ಅಂದ್ರ ಆಕಿ ಒಬ್ಬಾಕಿನೇನ್ರೀ? ಮತ್ತ ನಾ ಎಲ್ಲಿ ಇರ್ತೀನಿ?”

ಭಾರತಿ ತಕ್ಷಣ ಇನ್ನೊಂದು ಕಾಲನ್ನೂ ಮೇಲಿಟ್ಟರು. “ಏನೂ ಇಲ್ರೀ ಅತ್ತಿ, ನಾ ಬರಾಕತ್ತೀನಿ, ಸರೀರಿ,” ಎಂದು ಒಳಗೆ ನುಗ್ಗಿದರು.

ನೀಲಮ್ಮ ಸೊಸೆಯ ಕೈಯಿಂದ ಮಾತ್ರೆ ಡಬ್ಬಿ ಕಸಿದುಕೊಂಡರು. ನೀರಿನ ಬಾಟ್ಲಿಯನ್ನೂ ತೆಗೆದುಕೊಂಡರು. “ಇಳಿ,” ಎಂದರು. ಭಾರತಿ ಇಳಿದರು. ನೀಲಮ್ಮನೇ ಡ್ರೈವರಿಗೆ ಮರಾಠಿಯಲ್ಲಿ ಗಾಡಿ ತೆಗೆಯಲು ಹೇಳಿದರು. ನಾನು ಓಡಿ ಹತ್ತಿಕೊಂಡೆ. ಹಿಂದೆ ನೋಡಿದರೆ ಗಂಡ ಹೆಂಡತಿ ಪೋರ್ಚಿನಲ್ಲಿ, ಶಾಲೆಯಿಂದ ಹೊರಗೆ ಹಾಕಿದ ಮಕ್ಕಳ ಹಾಗೆ, ನಾಲ್ಕು ಮಾರು ದೂರ ದೂರ ನಿಂತಿದ್ದರು.

ದಾರಿಯುದ್ದಕ್ಕೂ ನೀಲಮ್ಮ ಯಾವ ಊರು ಬಂತೆಂದು ಒಮ್ಮೆಯೂ ಕೇಳಲಿಲ್ಲ. ದರ್ಶನದ ಸಾಲಿನಲ್ಲಿ ಗಂಡಸರು ಅಂಗಿ ಬಿಚ್ಚಿ ಮುಂದೆ ಹೋದಾಗ, ನಾವಿಬ್ಬರೂ ಒಂದು ಕಂಬದ ಹತ್ತಿರ ನಿಂತೆವು. ಸಿಟ್ಟು ಬಂದಿದೆಯೇ ಎಂದು ಕೇಳಿದೆ.

“ಬಂದದ. ಬರಬಾರದೇನು?” ಎಂದರು. “ಇಷ್ಟು ವರ್ಷ ಎಲ್ಲಾರೂ, ಅವ್ವನ್ನೂ ಕರಕೊಂಡು ಬಾ ಅಂತ ಮಗಗ ಹೇಳ್ತಾರ. ನೀವು ನನಗೇ ಫೋನ್ ಹಚ್ಚಿ, ನಿಮ್ಮ ಹೆಸರೇನು, ಕಿಟಕಿ ಬೇಕೇನು ಅಂತ ಕೇಳಿದ್ರಿ. ಇದು ನನ್ನ ಟ್ರಿಪ್ಪು ಅನಸ್ತು ನನಗ. ಈಗ ಬಂದು ತಪ್ಪಾಗ್ಯಾದ ಅಂತೀರಿ.”

ನನ್ನ ಕಣ್ಣು ತುಂಬಿದವು. ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಟ್ಟಿದ್ದೆ, ಈಗ ಅದನ್ನೇ ತಿರುಗಿ ಕಿತ್ತಿದ್ದೆ. ಹಾಗಾದರೆ ಅವರನ್ನು ಯಾಕೆ ಇಳಿಸಿದಿರಿ ಎಂದು ಕೇಳಿದೆ.

“ಹತ್ತಿದ್ರ ಸಾಯೂತನಕ ಮನಸಿನಾಗ ಇಟ್ಕೋತಿದ್ಲು. ನನ್ನ ಸಂಗಾಟ ಇನ್ನೂ ಹತ್ತು ವರ್ಷ ಇರಾಕಿ ಆಕಿ,” ಎಂದು ಸಾಲಿನಲ್ಲಿ ಮುಂದೆ ಸರಿದರು. ಗರ್ಭಗುಡಿಯಿಂದ ಹೊರಗೆ ಬಂದಾಗ ಮುಖ ಶಾಂತವಾಗಿತ್ತು. ಹತ್ತಿರದಲ್ಲೇ ಇದ್ದ ಎಲ್ಲೋರದ ಗುಹೆಗಳನ್ನು ದೂರದಿಂದ ನೋಡಿ, ಇಷ್ಟು ಕಲ್ಲು ಕಡಿದವರಿಗೆ ಮನೆಮಠ ಇತ್ತೋ ಇಲ್ಲವೋ ಎಂದರು.

ನಾಲ್ಕೂವರೆಗೆ ಹೋಟೆಲಿಗೆ ಮರಳಿದೆವು. ಪನಚಕ್ಕಿ, ಊಟ, ಎಲ್ಲ ವೇಳಾಪಟ್ಟಿಯಂತೆ ಮುಗಿದಿರಬೇಕು ಎಂದುಕೊಂಡಿದ್ದೆ. ಪೋರ್ಚಿನ ಕುರ್ಚಿಯಲ್ಲಿ ಶಿವಶರಣಪ್ಪ ಒಬ್ಬರೇ ಕೂತಿದ್ದರು. ಕೈಯಲ್ಲಿ ಆ ನಾಲ್ಕು ಮಡಿಕೆಯ ಕಾಗದ.

“ಆಕಿ ಒಬ್ಬಾಕಿನೇ ಹೊರಗ ಹೋಗ್ಯಾಳ್ರಿ. ಎರಡು ತಾಸು ಆತು. ಬೆಳಿಗ್ಗಿನಿಂದ ಪನಚಕ್ಕಿ ನೋಡಿದ್ವಿ, ಊಟ ಮಾಡಿದ್ವಿ. ಆಮ್ಯಾಲ ಈ ಕಾಗದ ಇಸ್ಕೊಂಡು ನೋಡಿ, ಇದರಾಗ ನಾ ಕೇಳಿದ್ದು ಯಾವುದದ ಅಂದ್ಲು. ನಾ ಏನು ಹೇಳಲಿ. ಏನು ಬೇಕು ಕೇಳು ಅಂದೆ. ಎರಡು ತಾಸು ನಾ ಒಬ್ಬಾಕಿ ಹೋಗಿ ಬರ್ತೀನಿ ಅಂದ್ಲು.”

ತಂಗಿ ಗಾಬರಿಯಾದಳು, ಫೋನ್ ಹಚ್ಚಲು ಹೊರಟಳು. ಫೋನು ರೂಮಿನಲ್ಲೇ ಇತ್ತು. ನಾವೆಲ್ಲ ಅಲ್ಲೇ ಪೋರ್ಚಿನಲ್ಲಿ ನಿಂತೆವು. ಐದು ಗಂಟೆಯ ಹೊತ್ತಿಗೆ ಭಾರತಿ ಗೇಟಿನಿಂದ ನಡೆದು ಬಂದರು. ಕೈಯಲ್ಲಿ ಚೀಲ ಇರಲಿಲ್ಲ, ಏನೂ ಇರಲಿಲ್ಲ. ಕೂದಲು ಗಾಳಿಗೆ ಕೆದರಿತ್ತು. ಎಂಟೂ ಜನ ಎದುರಿಗೆ ನಿಂತದ್ದನ್ನು ಕಂಡು ಒಂದು ಕ್ಷಣ ಹೆಜ್ಜೆ ನಿಧಾನವಾಯಿತು.

“ಎಲ್ಲಿಗಿ ಹೋಗಿದ್ದಿ?” ಎಂದರು ನೀಲಮ್ಮ.

“ಸಿಟಿ ಬಸ್ ಹತ್ತಿದ್ನಿರಿ ಅತ್ತಿ. ಯಾವ ಬಸ್ಸು ಅಂತ ನೋಡಲಿಲ್ಲ. ಕಂಡಕ್ಟರ್ ‘ಕುಠೇ?’, ಎಲ್ಲಿಗಿ, ಅಂದ. ಕಡೀ ಸ್ಟಾಪಿಗಿ ಅಂದೆ. ಅಲ್ಲಿ ಇಳದು ಒಂದು ಚಹಾ ಕುಡದು, ಅದೇ ಬಸ್ಸಿಗಿ ತಿರುಗಿ ಬಂದೆ.” ಕೂದಲು ಸರಿ ಮಾಡಿಕೊಳ್ಳುತ್ತ ಹೇಳಿದರು: “ಏನೂ ತರಾಕ ಅಲ್ಲ, ಯಾರನ್ನೂ ಬಿಡಾಕ ಅಲ್ಲ. ಸುಮ್ಮ.”

ಭಾರತಿ ಗಂಡನ ಹತ್ತಿರ ಹೋಗಿ, ಎಲ್ಲರ ಎದುರಿಗೇ, ನಾಳಿ ಮುಂಜಾನೆ ನೀವೂ ಬರ್ರಿ, ಅದೇ ಬಸ್ಸಿಗಿ ಇಬ್ಬರೂ ಹೋಗೋಣು, ಕಿಟಕಿ ನಾ ಬಿಡಂಗಿಲ್ಲ ಎಂದರು. ಶಿವಶರಣಪ್ಪನವರ ಕಿವಿ ಮತ್ತೆ ಕೆಂಪಾದವು.

ಮರುದಿನ ಎಂಟಕ್ಕೆ ನಾಸಿಕಕ್ಕೆ ಹೊರಡಬೇಕಿತ್ತು. ಸಾಮಾನು ಹೇರಿ, ಎಲ್ಲರೂ ಗಾಡಿಯಲ್ಲಿ ಕೂತು ಆಗಿತ್ತು. ಅವರಿಬ್ಬರು ಆರೂವರೆಗೆ ಹೋದವರು ಎಂಟಾದರೂ ಬಂದಿರಲಿಲ್ಲ. ಎಂಟೂಕಾಲಾಯಿತು. ಅಳಿಯನಿಗೆ ಮಧ್ಯಾಹ್ನ ರೈಲಿತ್ತು, ಚಡಪಡಿಸಿದ. ಡ್ರೈವರ್ ಹಾರ್ನ್ ಹೊಡೆದ. ಕಿರಿಯ ಮಗ ಫೋನ್ ತೆಗೆದ. ನೀಲಮ್ಮ ಕಿಟಕಿಯಿಂದ ಮುಖ ತಿರುಗಿಸದೆ, “ಹಚ್ಚಬ್ಯಾಡ. ಬರ್ತಾರ,” ಎಂದರು. ಅವರು ಬಂದದ್ದು ಎಂಟೂಮುಕ್ಕಾಲಿಗೆ. ನಲವತ್ತೈದು ನಿಮಿಷ ಆ ಗಾಡಿಯಲ್ಲಿ ಯಾರೂ ಅವರಿಗೆ ಫೋನ್ ಮಾಡಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಎರಡು. ಗಿರಾಕಿ ಯಾವ ಭಾಷೆಯಲ್ಲಿ ಹೇಳುತ್ತಾರೋ ಅದೇ ಭಾಷೆಯಲ್ಲಿ, ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕು. ನನ್ನ ರಜಿಸ್ಟರಿನಲ್ಲಿ ಈಗ ಕನ್ನಡವೂ ಇದೆ, ಅಕ್ಷರ ಕಾಗೆ ಕಾಲಾದರೂ ಇದೆ. ಇನ್ನೊಂದು ಕಲಿಯಲು ನನಗೆ ಇಪ್ಪತ್ತಾರು ವರ್ಷ ಹಿಡಿದದ್ದಕ್ಕೆ ನಾಚಿಕೆಯಾಗುತ್ತದೆ. ಆ ಪ್ರವಾಸದಲ್ಲಿ ಯಾರ್ಯಾರು ಹೋಗುವವರು ಎಂದು ಗಂಡನನ್ನು ಕೇಳಿದ್ದೆ, ಕಿಟಕಿ ಬೇಕೇ ಎಂದು ಅತ್ತೆಯನ್ನು ಕೇಳಿದ್ದೆ. ಯಾರ ಹುಟ್ಟುಹಬ್ಬವೋ ಅವರನ್ನು ಭಾನುವಾರ ಮಧ್ಯಾಹ್ನದವರೆಗೆ ಯಾರೂ ಏನನ್ನೂ ಕೇಳಿರಲಿಲ್ಲ, ನಾನೂ.

ಈಗ ಹೆಂಡತಿಗೆ ಗೊತ್ತಾಗದಂತೆ ಬುಕ್ಕಿಂಗ್ ಮಾಡಲು ಬರುವ ಗಂಡಸರಿಗೆ ನೇರವಾಗಿ ಹೇಳುತ್ತೇನೆ, ಮನೆಯವರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಡಿ ಎಂದು. ಸರ್‌ಪ್ರೈಸ್ ಕೆಡುತ್ತದೆ ಎಂದು ಮುಖ ಗಂಟಿಕ್ಕುತ್ತಾರೆ, ಕೆಲವರು ಬೇರೆ ಏಜೆಂಟರ ಹತ್ತಿರ ಹೋದರು. ಹೋಗಲಿ. ನಿಮಗೆ ಎಲ್ಲಿಗೆ ಹೋಗಬೇಕು ಅನಿಸುತ್ತದೆ ಎಂದು ಕೇಳಿದಾಗ ಬಹಳ ಹೆಂಗಸರು ತಕ್ಷಣ ಉತ್ತರಿಸುವುದಿಲ್ಲ. ಅವರು ಹೇಳಿದಂಗ ಆಗಲಿ ಎನ್ನುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ನಾನು ಫೋನ್ ಇಡುವುದಿಲ್ಲ, ಕಾಯುತ್ತೇನೆ.